ಮೀನ್ ಗರ್ಲ್ಸ್ 2024: ಹಾಡು ಜಾಸ್ತಿಯಾಯಿತಾ, ಕಡಿಮೆಯಾಯಿತಾ?

ಪಲ್ಲವಿ_ಚರಣ
2024ರ ‘ಮೀನ್ ಗರ್ಲ್ಸ್’ ಬಗ್ಗೆ ಮಾತು ತೆಗೆದರೆ ಸಾಕು, ಎಲ್ಲರೂ ಹೇಳುವುದು ಒಂದೇ. ‘ಹಳೆಯದು ಎಷ್ಟು ಚೆನ್ನಾಗಿತ್ತು, ಸುಮ್ನೆ ಹಾಡು ತುರುಕಿ ಹಾಳು ಮಾಡಿದರು.’ ನನಗಿದು ಒಪ್ಪಿಗೆಯಿಲ್ಲ. ಹಾಡು ಸೇರಿಸಿದ್ದರಿಂದ ಚಿತ್ರ ಸೊರಗಲಿಲ್ಲ. ಹಾಡಿಗೆ ಹೆದರಿದ್ದರಿಂದ ಸೊರಗಿತು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. 2004ರಲ್ಲಿ ಟೀನಾ ಫೇ ಬರೆದು, ಮಾರ್ಕ್ ವಾಟರ್ಸ್ ನಿರ್ದೇಶಿಸಿದ ಹೈಸ್ಕೂಲ್ ಕಾಮಿಡಿ ಬಂತು. ಆಫ್ರಿಕಾದಲ್ಲಿ ಮನೆಯಲ್ಲೇ ಓದಿ ಬೆಳೆದ ಕೇಡಿ, ಇಲಿನಾಯ್ಸ್‌ನ ನಾರ್ತ್ ಶೋರ್ ಹೈಸ್ಕೂಲಿಗೆ ಸೇರುತ್ತಾಳೆ. ಅಲ್ಲಿ ರೆಜೀನಾ ಜಾರ್ಜ್ ಎಂಬ ಹುಡುಗಿಯ ದರ್ಬಾರು. ಅವಳನ್ನು ಕೆಡವಲು ಹೋದ ಕೇಡಿ ತಾನೇ ಅವಳಂತಾಗುತ್ತಾಳೆ. ಇದೇ ಕಥೆಯನ್ನು ಟೀನಾ ಫೇ 2018ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಹಾಡಿನ ನಾಟಕ, ಅಂದರೆ ಬ್ರಾಡ್‌ವೇ ಮ್ಯೂಸಿಕಲ್ ಮಾಡಿದರು. ಸಂಗೀತ ಅವರ ಗಂಡ ಜೆಫ್ ರಿಚ್‌ಮಂಡ್ ಅವರದು, ಹಾಡಿನ ಸಾಹಿತ್ಯ ನೆಲ್ ಬೆಂಜಮಿನ್ ಅವರದು. ಆ ಮ್ಯೂಸಿಕಲ್ 2024ರ ಜನವರಿಯಲ್ಲಿ ಮತ್ತೆ ಸಿನಿಮಾ ಆಯಿತು.

ಈಗ ಲೆಕ್ಕ ನೋಡಿ. ಹಳೆಯ ಚಿತ್ರ 97 ನಿಮಿಷ. ಹೊಸದು 112 ನಿಮಿಷ. ಹದಿನೈದು ನಿಮಿಷ ಜಾಸ್ತಿ ಕೊಟ್ಟು ಅಷ್ಟೊಂದು ಹಾಡು ಹಾಕಿದರೆ ಕಥೆಗೂ ಜಾಗವಿಲ್ಲ, ಹಾಡಿಗೂ ಜಾಗವಿಲ್ಲ. ನಾಟಕದ ಹಾಡುಗಳಲ್ಲಿ ಎಷ್ಟೋ ಹೋಗಿಯೇ ಬಿಟ್ಟವು. ಉಳಿದವನ್ನೂ ತೆಳ್ಳಗೆ ಮಾಡಿದರು. ನಿಮಗೇನನ್ನಿಸುತ್ತದೆ?

ಬ್ಯಾಕ್‌ಬೆಂಚ್_ಬಸು
ಹಾಡು ಬಂದಾಗಲೆಲ್ಲ ಫಾರ್ವರ್ಡ್ ಮಾಡಿದೆ. 2004ರದ್ದೇ ಸಾಕು.

ಪಲ್ಲವಿ_ಚರಣ
ಬಸು, ಫಾರ್ವರ್ಡ್ ಮಾಡಿದರೆ ನಿಮಗೆ ಸಿಗುವುದು ಹಳೆಯ ಚಿತ್ರದ ಅವಸರದ ನಕಲು. ಹೊಸದಾಗಿ ಏನಾದರೂ ಇದ್ದರೆ ಅದು ಹಾಡಿನಲ್ಲೇ ಇದೆ.

ಹಳೇ_ಡಿವಿಡಿ
ನಾನು ಬಸು ಪರ. ಕಾರಣ ಹೇಳುತ್ತೇನೆ.

2004ರ ಚಿತ್ರದಲ್ಲಿ ರೇಚಲ್ ಮ್ಯಾಕ್‌ಆಡಮ್ಸ್ ಮಾಡಿದ ರೆಜೀನಾ ಯಾಕೆ ಭಯ ಹುಟ್ಟಿಸುತ್ತಾಳೆ? ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಎಂದು ನಮಗೆ ಗೊತ್ತಾಗುವುದೇ ಇಲ್ಲ. ಒಬ್ಬಳ ಸ್ಕರ್ಟ್ ನೋಡಿ ‘ಎಷ್ಟು ಚೆನ್ನಾಗಿದೆ’ ಎಂದು ಹೊಗಳುತ್ತಾಳೆ, ಅವಳು ಅತ್ತ ಹೋದ ಕೂಡಲೇ ಮುಖದ ಸ್ನಾಯು ಕದಲದೆ ಅದರಷ್ಟು ಕೆಟ್ಟ ಸ್ಕರ್ಟ್ ಇನ್ನೊಂದಿಲ್ಲ ಎನ್ನುತ್ತಾಳೆ. ಅಲ್ಲಿ ಸಂಗೀತವಿಲ್ಲ, ಕಿರುಚಾಟವಿಲ್ಲ. ತೆರೆಯನ್ನು ನಾಲ್ಕು ಭಾಗ ಮಾಡಿ ತೋರಿಸುವ ಫೋನ್ ಕರೆಯ ದೃಶ್ಯ ನೆನಪು ಮಾಡಿಕೊಳ್ಳಿ. ಒಬ್ಬರ ಬೆನ್ನಿಗೆ ಒಬ್ಬರು ಚೂರಿ ಹಾಕುವುದು ಬರೀ ಮಾತಿನ ಓಟದಲ್ಲಿ ನಡೆದುಹೋಗುತ್ತದೆ.

ಹೊಸ ಚಿತ್ರದಲ್ಲಿ ರೆಜೀನಾ ನಿಂತು ತನ್ನ ಮನಸ್ಸಿನಲ್ಲಿರುವುದನ್ನು ಹಾಡಿ ಹೇಳುತ್ತಾಳೆ. ಹೇಳಿದ ಮೇಲೆ ಭಯ ಎಲ್ಲಿ ಉಳಿಯಿತು? ಈ ಕಥೆಯ ಜೀವ ಮಾತಿನ ಟೈಮಿಂಗ್. ಅದಕ್ಕೆ ಹಾಡು ಒಗ್ಗುವುದಿಲ್ಲ.

ರಂಗಮಂಚ_ರಶ್ಮಿ
ಹಳೇ ಡಿವಿಡಿ ಅವರ ಮಾತು ಚೆನ್ನಾಗಿದೆ, ಆದರೆ ಅರ್ಧ ಮಾತ್ರ. ರೆಜೀನಾ ಹಾಡುವುದು ಮನಸ್ಸು ಬಿಚ್ಚಿಡುವುದಕ್ಕಲ್ಲ. ಹ್ಯಾಲೋವೀನ್ ಪಾರ್ಟಿಯ ಹಾಡನ್ನೇ ತೆಗೆದುಕೊಳ್ಳಿ. ಆ್ಯರನ್ ಎಂಬ ಹುಡುಗನನ್ನು ಕೇಡಿಯಿಂದ ಕಿತ್ತುಕೊಳ್ಳುವುದಕ್ಕೆ ಅವಳು ಹಾಡುತ್ತಾಳೆ. ತಾನೇ ನೊಂದವಳು ಎಂಬಂತೆ ನಟಿಸುತ್ತಾಳೆ. ಆ ಹಾಡು ಸುಳ್ಳು, ಆ ಸುಳ್ಳು ಗೆಲ್ಲುತ್ತದೆ. ಸುತ್ತಲಿನವರು ನಿಂತಲ್ಲೇ ಸ್ತಬ್ಧರಾಗುತ್ತಾರೆ. ಕೇಡಿ ಒಬ್ಬಳೇ ನೋಡುತ್ತಾ ನಿಂತಿರುತ್ತಾಳೆ. ಇದನ್ನು ಮಾತಿನಲ್ಲಿ ಮಾಡಿದರೆ ಎರಡು ಸಾಲು. ಹಾಡಿನಲ್ಲಿ ಮಾಡಿದ್ದರಿಂದ ಅವಳ ಶಕ್ತಿ ಎಂಥದ್ದು ಎಂದು ನಮ್ಮ ಮೈಗೇ ತಾಗುತ್ತದೆ.

ರೆನೆ ರ‍್ಯಾಪ್ ಬ್ರಾಡ್‌ವೇಯಲ್ಲೇ 2019ರಲ್ಲಿ ರೆಜೀನಾ ಪಾತ್ರಕ್ಕೆ ಬಂದವರು, ಈ ಚಿತ್ರದಲ್ಲೂ ಅವರೇ ರೆಜೀನಾ. ಆ ಪಾತ್ರ ಅವರಿಗೆ ಅಂಗೈ ಮೇಲಿನ ಗೆರೆ. ಇಡೀ ಚಿತ್ರದಲ್ಲಿ ಹಾಡು ಶುರುವಾದಾಗ ಹಾಡಿಗಾಗಿಯೇ ಹುಟ್ಟಿದವರಂತೆ ಕಾಣುವುದು ಇಬ್ಬರು, ರ‍್ಯಾಪ್ ಮತ್ತು ಕೇಡಿಯ ಗೆಳತಿ ಜಾನಿಸ್ ಪಾತ್ರದ ಔಲಿಈ ಕ್ರಾವಾಲ್ಯೊ.

ನನ್ನ ತಕರಾರು ಬೇರೆ. ಕೇಡಿಯನ್ನು ಬಡವಿ ಮಾಡಿದರು. ನಾಟಕದಲ್ಲಿ ಅವಳ ಮೊದಲ ಹಾಡಿಗೆ ಆಫ್ರಿಕಾದ ಹುಲ್ಲುಗಾವಲಿನ ಗಾಳಿ ಇತ್ತು, ದೊಡ್ಡ ಆಸೆ ಇತ್ತು. ಚಿತ್ರದಲ್ಲಿ ಅದನ್ನು ತೆಗೆದು ಮೆತ್ತಗಿನ ಹೊಸ ಹಾಡು ಹಾಕಿದರು. 2004ರಲ್ಲಿ ಕಥೆ ಹೇಳುವವಳು ಕೇಡಿಯೇ, ಲಿಂಡ್ಸೆ ಲೋಹಾನ್ ದನಿಯಲ್ಲಿ. ಇಲ್ಲಿ ಕಥೆ ಹೇಳುವ ಕೆಲಸ ಜಾನಿಸ್ ಮತ್ತು ಅವಳ ಗೆಳೆಯ ಡೇಮಿಯನ್‌ಗೆ ಹೋಯಿತು. ದನಿಯೂ ಹೋಯಿತು, ದೊಡ್ಡ ಹಾಡೂ ಹೋಯಿತು. ಕೇಡಿಯಾದ ಆಂಗರಿ ರೈಸ್ ಒಳ್ಳೆಯ ನಟಿ. ಆದರೆ ಅವರ ಕೈಗೆ ಏನು ಕೊಟ್ಟರು ಹೇಳಿ?

ಹಳೇ_ಡಿವಿಡಿ
ಕೇಡಿ ವಿಷಯದಲ್ಲಿ ನೂರಕ್ಕೆ ನೂರು ಒಪ್ಪಿಗೆ. ಲೋಹಾನ್‌ಗೆ ಆಗ 17 ವರ್ಷ. ಒಳ್ಳೆಯ ಹುಡುಗಿ ಯಾವ ಕ್ಷಣದಲ್ಲಿ ಕೆಟ್ಟವಳಾದಳು ಎಂದು ಅವರ ಮುಖದಲ್ಲೇ ಗೊತ್ತಾಗುತ್ತಿತ್ತು. ಹೊಸ ಚಿತ್ರದಲ್ಲಿ ಆ ಬದಲಾವಣೆ ನಡೆದದ್ದೇ ಗೊತ್ತಾಗುವುದಿಲ್ಲ.

ಹಾರ್ಮೋನಿಯಂ_ಹರಿ
ಸಂಗೀತದ ಕಡೆಯಿಂದ ಒಂದು ಮಾತು. ಬ್ರಾಡ್‌ವೇ ಆಲ್ಬಂ ಮತ್ತು ಸಿನಿಮಾ ಆಲ್ಬಂ ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಗಣಿತದ ಕ್ಲಾಸಿನಲ್ಲಿ ಕೇಡಿಗೆ ಆ್ಯರನ್ ಮೇಲೆ ಮನಸ್ಸಾಗುವ ಹಾಡು ನಾಟಕದಲ್ಲಿ ಕುಣಿಯುತ್ತದೆ. ಡ್ರಮ್ಸ್ ಇದೆ, ಹುಡುಗಿಯ ಎದೆಬಡಿತದ ಓಟ ಇದೆ. ಸಿನಿಮಾದಲ್ಲಿ ಅದೇ ಹಾಡು ಕೋಣೆಯಲ್ಲಿ ಒಬ್ಬಳೇ ಕೂತು ಗುನುಗುವ ಪಾಪ್ ಆಯಿತು. ಟ್ಯೂನ್ ಅದೇ, ವೇಗ ಕಡಿಮೆ, ವಾದ್ಯ ಕಡಿಮೆ. ಈಗಿನ ಹುಡುಗರ ಪ್ಲೇಲಿಸ್ಟಿಗೆ ಹೊಂದಲಿ ಎಂಬ ಉದ್ದೇಶ ಇರಬಹುದು. ಆದರೆ ನಗು ಹೊರಟುಹೋಯಿತು. ಇದು ಕಾಮಿಡಿ ಅಲ್ವಾ? ಕಾಮಿಡಿ ಹಾಡಿಗೆ ಒಂದು ಬಿರುಸು ಬೇಕು. ಪದ ಬೀಳುವ ಜಾಗ ಸರಿಯಿರಬೇಕು. ಪಿಸುಮಾತಿನಲ್ಲಿ ಜೋಕ್ ಹೇಳಿದರೆ ಯಾರಿಗೂ ಕೇಳಿಸುವುದಿಲ್ಲ.

ಪಲ್ಲವಿ ಹೇಳಿದ ‘ಹಾಡಿಗೆ ಹೆದರಿದರು’ ಎನ್ನುವುದು ಇಲ್ಲಿ ಪೂರ್ತಿ ಸರಿ.

ಕರಾವಳಿ_ಕಾವ್ಯ
ಎಲ್ಲರೂ ದೊಡ್ಡ ದೊಡ್ಡ ಮಾತಾಡುತ್ತಿದ್ದೀರಿ. ರೆಜೀನಾ ಗುಂಪಿನ ಕ್ಯಾರೆನ್ ಶೆಟ್ಟಿ ಬಗ್ಗೆ ಯಾರೂ ಯಾಕೆ ಹೇಳುತ್ತಿಲ್ಲ? ಹಳೆಯ ಚಿತ್ರದಲ್ಲಿ ಕ್ಯಾರೆನ್ ಸ್ಮಿತ್. ಹೊಸದರಲ್ಲಿ ಶೆಟ್ಟಿ! ಹಾಲಿವುಡ್ ಹೈಸ್ಕೂಲ್ ಚಿತ್ರದ ಮೂರು ರಾಣಿಯರಲ್ಲಿ ಒಬ್ಬಳು ಶೆಟ್ಟಿ ಎಂದು ನಮ್ಮ ಮಂಗಳೂರು ಕಡೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ದಿನಗಟ್ಟಲೆ ಅದೇ ಮಾತು. ನಮ್ಮ ಅತ್ತೆ ‘ಯಾವ ಊರಿನ ಶೆಟ್ಟಿ, ಯಾರ ಮನೆ’ ಎಂದು ಕೇಳಿದರು.

ಬ್ಯಾಕ್‌ಬೆಂಚ್_ಬಸು
ಆ ಹುಡುಗಿ ತೆಲುಗಿನವಳಲ್ವಾ?

ಕರಾವಳಿ_ಕಾವ್ಯ
ಹೌದು, ಅವಂತಿಕಾ ವಂದನಪು. ತೆಲುಗು ಮನೆಯವಳು, ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವಳು. ಚಿಕ್ಕವಳಿದ್ದಾಗ ತೆಲುಗು ಚಿತ್ರಗಳಲ್ಲಿ ನಟಿಸಿದ್ದಾಳೆ. ಆಮೇಲೆ 2021ರಲ್ಲಿ ಡಿಸ್ನಿ ಚಿತ್ರವೊಂದರಲ್ಲಿ ನಾಯಕಿ. ಪಾತ್ರಕ್ಕೆ ಕೊಟ್ಟ ಹೆಸರು ಮಾತ್ರ ನಮ್ಮದು. ಅನುಷ್ಕಾ ಶೆಟ್ಟಿ ನಮ್ಮ ಕಡೆಯಿಂದ ಹೋಗಿ ತೆಲುಗಿನವರ ಮನೆಮಗಳಾದರು. ಈಗ ತೆಲುಗಿನ ಹುಡುಗಿ ತೆರೆ ಮೇಲೆ ಶೆಟ್ಟಿಯಾದಳು. ನನಗಂತೂ ಖುಷಿ.

ಸೌತೆಂಡ್_ಸರ್ಕಲ್
ಶೆಟ್ಟಿ ಎಂದರೆ ಬಂಟರು ಮಾತ್ರವಲ್ಲ. ನಮ್ಮ ಬಯಲುಸೀಮೆ ಕಡೆ ವ್ಯಾಪಾರಿ ಮನೆತನಗಳಲ್ಲೂ ಶೆಟ್ಟಿ, ಸೆಟ್ಟಿ ಇದೆ. ಆಂಧ್ರದಲ್ಲೂ ಇದೆ. ಹಾಗಾಗಿ ತೆಲುಗಿನ ಹುಡುಗಿಗೆ ಆ ಹೆಸರು ಕೂಡಿಬಾರದ್ದೇನಲ್ಲ.

ಕರಾವಳಿ_ಕಾವ್ಯ
ಸರಿ, ಆದರೆ ಅಮೆರಿಕದ ಬರಹಗಾರರ ಕಿವಿಗೆ ಬಿದ್ದಿರುವ ಶೆಟ್ಟಿ ಶಿಲ್ಪಾ ಶೆಟ್ಟಿ, ರೋಹಿತ್ ಶೆಟ್ಟಿ ಇರಬೇಕು ಎಂದು ನನ್ನ ಊಹೆ. ಇಬ್ಬರೂ ತುಳುನಾಡಿನ ಬೇರಿನವರೇ.

ಟೊರೊಂಟೊ_ತಿಮ್ಮಣ್ಣ
ಇಲ್ಲೊಂದು ಗಂಭೀರ ವಿಷಯವೂ ಇದೆ. 2004ರಲ್ಲಿ ನಮ್ಮವರಿಗೆ ಸಿಕ್ಕಿದ್ದು ಒಂದೇ ಪಾತ್ರ, ಕೆವಿನ್ ನಾಪೂರ್. ಗಣಿತ ಸ್ಪರ್ಧೆ ತಂಡದ ನಾಯಕ, ರ‍್ಯಾಪ್ ಹಾಡುವ ಹುಡುಗ. ಮಾಡಿದವರು ರಾಜೀವ್ ಸುರೇಂದ್ರ, ಇಲ್ಲಿ ಟೊರೊಂಟೊದ ತಮಿಳು ಮನೆತನದವರು. ಹಳೆಯ ಚಿತ್ರದ ಹೆಚ್ಚಿನ ಭಾಗದ ಶೂಟಿಂಗ್ ಆಗಿದ್ದೂ ಟೊರೊಂಟೊದಲ್ಲೇ, ಕಥೆ ಮಾತ್ರ ಇಲಿನಾಯ್ಸ್‌ನದು. ಕೆವಿನ್ ಪಾತ್ರ ಆ ಕಾಲಕ್ಕೆ ಹೊಸದು, ಯಾಕೆಂದರೆ ಅವನಿಗೆ ನಾಚಿಕೆಯಿರಲಿಲ್ಲ. ಆದರೂ ಗಣಿತ ಬಿಟ್ಟರೆ ನಮಗೆ ಬೇರೆ ದಾರಿಯಿಲ್ಲ ಎಂಬ ಹಾಗೆ ಇತ್ತು.

2024ರಲ್ಲಿ ನಮ್ಮ ಬಣ್ಣದ ಹುಡುಗಿಗೆ ಸಿಕ್ಕಿದ್ದು ಶಾಲೆಯ ಅತಿ ಚೆಂದದ, ಅತಿ ಪೆದ್ದು ಹುಡುಗಿಯ ಪಾತ್ರ. ಇದು ದೊಡ್ಡ ಬದಲಾವಣೆ. ಇಪ್ಪತ್ತು ವರ್ಷ ನಮ್ಮ ಮಕ್ಕಳನ್ನು ತೆರೆ ಮೇಲೆ ಬುದ್ಧಿವಂತರಾಗಿ ಮಾತ್ರ ತೋರಿಸಿದರು. ಬುದ್ಧಿವಂತರು ಎನ್ನುವುದು ಹೊಗಳಿಕೆ ಅನ್ನಿಸಬಹುದು, ಆದರೆ ಅದೂ ಒಂದು ಬೇಲಿ. ಅವಂತಿಕಾ ಆ ಬೇಲಿ ದಾಟಿದಳು. ಕಣ್ಣು ಅಗಲ ಮಾಡಿ, ಏನೂ ಅರ್ಥವಾಗದೆ, ಆದರೆ ಯಾರಿಗೂ ಕೇಡು ಬಯಸದೆ ನಿಲ್ಲುತ್ತಾಳೆ. ಇಡೀ ಚಿತ್ರದಲ್ಲಿ ನಾನು ಮನಸಾರೆ ನಕ್ಕಿದ್ದು ಅವಳ ದೃಶ್ಯಗಳಿಗೆ.

ಪಲ್ಲವಿ_ಚರಣ
ತಿಮ್ಮಣ್ಣ, ಚೆನ್ನಾಗಿ ಹೇಳಿದಿರಿ. ಹ್ಯಾಲೋವೀನ್ ವೇಷದ ಬಗ್ಗೆ ಕ್ಯಾರೆನ್ ಹಾಡುವ ಹಾಡನ್ನು ಫೋನಿನಲ್ಲಿ ಉದ್ದುದ್ದ ಚೌಕಟ್ಟಿನ ವಿಡಿಯೊ ಹಾಗೆ ತೋರಿಸಿದ್ದು ನನಗೂ ಹಿಡಿಸಿತು. ಹಾಡಿನ ವಿಷಯಕ್ಕೆ ತಕ್ಕ ರೂಪ ಅದು.

ಎರಡನೇ_ಮಹಡಿ
ಅದೇ ಹುಡುಗಿ ಮೇಲೆ ಆಮೇಲೆ ಎಷ್ಟು ಕೊಳಕು ಕಾಮೆಂಟ್ ಬಂತು ನೋಡಿದಿರಾ? ಡಿಸ್ನಿ ಕಥೆಯ ರಾಜಕುಮಾರಿ ರಪುಂಜಲ್ ಪಾತ್ರ ಮಾಡುತ್ತಾಳೆ ಎಂಬ ಬರೀ ಗಾಳಿಸುದ್ದಿಗೆ 2024ರ ಏಪ್ರಿಲ್‌ನಲ್ಲಿ ಅವಳ ಪುಟದಲ್ಲಿ ಬಣ್ಣದ ಬಗ್ಗೆ ಬೈಗುಳ ಸುರಿದರು. ಹೈಸ್ಕೂಲ್ ಗುಂಪುಗಾರಿಕೆ ಬಗ್ಗೆ ಚಿತ್ರ ಮಾಡಿದ ಹುಡುಗಿಗೇ ಹೀಗಾಯಿತು. ತುಂಬಾ ಬೇಜಾರಾಯಿತು.

ಗಾಂಧಿಬಜಾರ್_ಗಿರಿ
ಮೂಲ ಪ್ರಶ್ನೆಗೆ ಬರೋಣ. ಜನ ಸಿಟ್ಟಾಗಿದ್ದು ಹಾಡಿಗಲ್ಲ, ಮೋಸಕ್ಕೆ. ಟ್ರೇಲರಿನಲ್ಲಿ ಯಾರೂ ಹಾಡುವುದನ್ನು ತೋರಿಸಲಿಲ್ಲ. ಹೆಸರಿನಲ್ಲಿರುವ ‘ಎ’ ಅಕ್ಷರದಲ್ಲಿ ಒಂದು ಸಂಗೀತದ ಚಿಹ್ನೆ ಅಡಗಿಸಿಟ್ಟರು, ಅಷ್ಟೇ. ಎಷ್ಟೋ ಪ್ರೇಕ್ಷಕರು ಹಳೆಯ ಚಿತ್ರದ ಹೊಸ ರೂಪ ಎಂದುಕೊಂಡು ಟಿಕೆಟ್ ತೆಗೆದುಕೊಂಡರು. ಮೊದಲ ಹಾಡು ಶುರುವಾದಾಗ ಥಿಯೇಟರಿನಲ್ಲಿ ಜನ ಗೊಣಗಿದ ವಿಡಿಯೊಗಳು ಎಲ್ಲ ಕಡೆ ಓಡಾಡಿದವು.

ಅದೇ ಚಳಿಗಾಲದಲ್ಲಿ ‘ವೊಂಕಾ’ ಚಿತ್ರ ಕೂಡ ಹೀಗೇ ಮಾಡಿತು. ಮ್ಯೂಸಿಕಲ್ ಎಂದರೆ ಅಮೆರಿಕದ ಹುಡುಗರು ಬರುವುದಿಲ್ಲ ಎಂಬ ಭಯ ಸ್ಟುಡಿಯೊಗಳಿಗೆ.

ಅಂಕಿಸಂಖ್ಯೆ
ಆ ಭಯದಿಂದ ದುಡ್ಡೇನೂ ಹೋಗಲಿಲ್ಲ. ಚಿತ್ರಕ್ಕೆ ಖರ್ಚು ಸುಮಾರು 3.6 ಕೋಟಿ ಡಾಲರ್. ಪ್ರಪಂಚದಾದ್ಯಂತ ಗಳಿಕೆ 10 ಕೋಟಿ ಡಾಲರ್ ದಾಟಿತು. ಮೊದಲು ಇದನ್ನು ಪ್ಯಾರಾಮೌಂಟ್‌ನವರು ತಮ್ಮ ಸ್ಟ್ರೀಮಿಂಗ್‌ಗೆ ಮಾತ್ರ ಎಂದು ಮಾಡಿದ್ದರು. ಪರೀಕ್ಷಾ ಪ್ರದರ್ಶನದಲ್ಲಿ ಜನ ಮೆಚ್ಚಿದ್ದರಿಂದ ಥಿಯೇಟರಿಗೆ ತಂದರು. 2004ರದ್ದು ಇದರ ಅರ್ಧದಷ್ಟು ಖರ್ಚಿನಲ್ಲಿ ಸುಮಾರು 13 ಕೋಟಿ ಡಾಲರ್ ಮಾಡಿತ್ತು, ಅದು ಬೇರೆ ಮಾತು.

ಪಲ್ಲವಿ_ಚರಣ
ಸ್ಟ್ರೀಮಿಂಗ್‌ಗೆ ಎಂದು ಮಾಡಿದ್ದು ತೆರೆ ಮೇಲೆ ಕಾಣಿಸುತ್ತದೆ. ಶಾಲೆಯ ಕಾರಿಡಾರ್ ಖಾಲಿ ಖಾಲಿ. ಕ್ಯಾಂಟೀನಿನಲ್ಲಿ ಇಡೀ ಶಾಲೆ ಇದೆ ಅನ್ನಿಸುವುದೇ ಇಲ್ಲ. ಗುಂಪು ಕುಣಿತಕ್ಕೆ ಗುಂಪು ಬೇಕಲ್ಲ.

ಮೇಘಾ_ಮಾತು
ನನಗೊಂದು ಅರ್ಥವಾಗದ ವಿಷಯ. ನಾವು ಹುಟ್ಟಿದಾಗಿನಿಂದ ಹಾಡಿರುವ ಸಿನಿಮಾ ನೋಡಿಕೊಂಡು ಬಂದವರು. ಮಾತಿನ ಮಧ್ಯೆ ಹಾಡು ಬಂದರೆ ನಮಗೆ ಯಾಕೆ ಮುಜುಗರ? ಅಮೆರಿಕದವರು ಗೊಣಗಿದರೆ ಗೊಣಗಲಿ, ನಾವೂ ಅವರ ಜೊತೆ ಯಾಕೆ ಗೊಣಗಬೇಕು?

ಹಾರ್ಮೋನಿಯಂ_ಹರಿ
ಒಳ್ಳೆಯ ಪ್ರಶ್ನೆ. ಆದರೆ ಎರಡೂ ಒಂದೇ ಅಲ್ಲ. ನಮ್ಮಲ್ಲಿ ಹಾಡುವವರು ಬೇರೆ, ತುಟಿ ಆಡಿಸುವವರು ಬೇರೆ. ಹಾಡು ಬಂದರೆ ಜಾಗ ಬದಲಾಗುತ್ತದೆ, ಬಟ್ಟೆ ಬದಲಾಗುತ್ತದೆ, ಕಥೆ ಒಂದು ಕ್ಷಣ ಪಕ್ಕಕ್ಕೆ ನಿಲ್ಲುತ್ತದೆ. ಹಾಡು ಕಥೆಗಿಂತ ಮೊದಲೇ ರೇಡಿಯೊದಲ್ಲಿ, ಯೂಟ್ಯೂಬಿನಲ್ಲಿ ನಮ್ಮ ಬಾಯಿಗೆ ಬಂದಿರುತ್ತದೆ. ಬ್ರಾಡ್‌ವೇ ಪದ್ಧತಿಯಲ್ಲಿ ಪಾತ್ರವೇ ತನ್ನ ದನಿಯಲ್ಲಿ ಹಾಡಬೇಕು. ಹಾಡು ಶುರುವಾದಾಗ ಇದ್ದ ಪರಿಸ್ಥಿತಿ ಮುಗಿಯುವಾಗ ಬದಲಾಗಿರಬೇಕು. ಹಾಗಾಗಿ ಅಲ್ಲಿ ದನಿ ಸೋತರೆ ಪಾತ್ರವೇ ಸೋಲುತ್ತದೆ. ಕೇಡಿಗೆ ಆಗಿದ್ದು ಅದೇ.

ಧಾರವಾಡ_ದತ್ತು
ಹರಿ ಅವರೇ, ನಮ್ಮ ಕಂಪನಿ ನಾಟಕ ಮರೆತಿರಾ? ಗುಬ್ಬಿ ವೀರಣ್ಣನವರ ಕಾಲದಲ್ಲಿ ನಟರೇ ರಂಗದ ಮೇಲೆ ನಿಂತು ಹಾಡುತ್ತಿದ್ದರು. ಹಾಡು ಬಾರದವರಿಗೆ ದೊಡ್ಡ ಪಾತ್ರ ಸಿಗುವುದೇ ಕಷ್ಟವಿತ್ತು. ಡಾ. ರಾಜ್‌ಕುಮಾರ್ ಬಂದದ್ದೂ ಆ ಮಣ್ಣಿನಿಂದಲೇ. ತಮ್ಮ ಹಾಡು ತಾವೇ ಹಾಡಿದ ನಾಯಕ ಅವರು. ಹಾಗಾಗಿ ಇದು ನಮಗೆ ಪರದೇಶದ ಪದ್ಧತಿಯೇನೂ ಅಲ್ಲ.

ಹಾರ್ಮೋನಿಯಂ_ಹರಿ
ದತ್ತು, ಅದಕ್ಕೆ ನನ್ನ ಎದುರು ಮಾತಿಲ್ಲ. ಆದರೆ ಅಣ್ಣಾವ್ರ ಹಾಗೆ ತಾವೇ ಹಾಡಿದ ನಾಯಕರು ನಮ್ಮಲ್ಲಿ ಎಷ್ಟು ಜನ?

ರಂಗಮಂಚ_ರಶ್ಮಿ
ಅದಕ್ಕೇ ನಾನು ಈ ಚಿತ್ರದ ಮೇಲೆ ಆಸೆ ಇಟ್ಟಿದ್ದೆ. ಸಿನಿಮಾದಿಂದ ನಾಟಕ, ನಾಟಕದಿಂದ ಮತ್ತೆ ಸಿನಿಮಾ. ಈ ದಾರಿಯಲ್ಲಿ ಗೆದ್ದ ಚಿತ್ರವೂ ಇದೆ. ‘ಹೇರ್‌ಸ್ಪ್ರೇ’ 1988ರ ಚಿತ್ರ, 2002ರಲ್ಲಿ ಬ್ರಾಡ್‌ವೇಗೆ ಹೋಯಿತು, 2007ರಲ್ಲಿ ಮ್ಯೂಸಿಕಲ್ ಸಿನಿಮಾ ಆಗಿ ಬಂತು. ಅದು ನಿಂತಿದ್ದು ಯಾಕೆ? ಮೊದಲ ಹಾಡಿನಿಂದಲೇ ‘ನಾವು ಹಾಡುವವರು, ಕುಣಿಯುವವರು’ ಎಂದು ಎದೆ ತಟ್ಟಿ ಹೇಳಿತು. ಯಾರಿಗೂ ಕ್ಷಮೆ ಕೇಳಲಿಲ್ಲ.

ನಾಟಕಪ್ರಿಯ
ಬ್ರಾಡ್‌ವೇ ಮೀನ್ ಗರ್ಲ್ಸ್ ರಂಗಭೂಮಿಯ ಟೋನಿ ಪ್ರಶಸ್ತಿ ಬಾಚಿಕೊಂಡಿತ್ತಲ್ವಾ? ಅಷ್ಟು ಒಳ್ಳೆಯ ನಾಟಕವನ್ನು ಯಾಕೆ ಕತ್ತರಿಸಿದರು?

ಅಂಕಿಸಂಖ್ಯೆ
ಇಲ್ಲ. 12 ನಾಮನಿರ್ದೇಶನ ಬಂತು, ಒಂದೂ ಗೆಲ್ಲಲಿಲ್ಲ. 2018ರಲ್ಲಿ ‘ದಿ ಬ್ಯಾಂಡ್ಸ್ ವಿಸಿಟ್’ 10 ಟೋನಿ ಬಾಚಿಕೊಂಡಿತು. ಮೀನ್ ಗರ್ಲ್ಸ್ ನಾಟಕ 2020ರ ಮಾರ್ಚ್‌ನಲ್ಲಿ ಕೋವಿಡ್‌ಗೆ ನಿಂತಿದ್ದು ಬ್ರಾಡ್‌ವೇಗೆ ಮತ್ತೆ ಬರಲೇ ಇಲ್ಲ.

ನಾಟಕಪ್ರಿಯ
ಪ್ರಶಸ್ತಿ ಬರದಿದ್ದರೂ ಆಲ್ಬಂ ಚೆನ್ನಾಗಿದೆ. ರೆಜೀನಾ ಗುಂಪಿನ ಗ್ರೆಚನ್ ಪಾತ್ರದಲ್ಲಿ ಆ್ಯಶ್ಲಿ ಪಾರ್ಕ್ ಹಾಡಿದ್ದು ಕೇಳಿದವರು ಮರೆಯುವುದಿಲ್ಲ. ಅವರು ಈ ಚಿತ್ರದಲ್ಲಿ ಫ್ರೆಂಚ್ ಟೀಚರ್ ಆಗಿ ಬಂದು ಹೋಗುತ್ತಾರೆ.

ನ್ಯೂಜೆರ್ಸಿ_ಅಮ್ಮ
ನಾನು ಇಲ್ಲಿ ಹೈಸ್ಕೂಲಿಗೆ ಹೋಗುವ ಮಗಳ ತಾಯಿ. ಈ ಚಿತ್ರದ ಶೂಟಿಂಗ್ ನಮ್ಮ ರಾಜ್ಯದಲ್ಲೇ ಆಗಿದ್ದರಿಂದ ಮಕ್ಕಳಿಗೆ ತುಂಬಾ ಹುಮ್ಮಸ್ಸು. ನನಗೆ ಹಾಡಿಗಿಂತ ದೊಡ್ಡ ಪ್ರಶ್ನೆ ಬೇರೆ ಇದೆ.

ಹಳೆಯ ಚಿತ್ರ ಬಂದದ್ದು 2004ರ ಏಪ್ರಿಲ್ 30ಕ್ಕೆ. ಫೇಸ್‌ಬುಕ್ ಶುರುವಾಗಿ ಮೂರು ತಿಂಗಳೂ ಆಗಿರಲಿಲ್ಲ, ಅದೂ ಕಾಲೇಜಿನವರಿಗೆ ಮಾತ್ರ. ಆಗ ಹುಡುಗಿಯರು ಒಂದು ಪುಸ್ತಕದಲ್ಲಿ ಎಲ್ಲರ ಬಗ್ಗೆ ಕೆಟ್ಟದ್ದು ಬರೆದಿಟ್ಟರು, ರೆಜೀನಾ ಅದನ್ನು ಜೆರಾಕ್ಸ್ ಮಾಡಿ ಕಾರಿಡಾರ್ ತುಂಬ ಹರಡಿದಳು ಎಂದರೆ ನಂಬಬಹುದು. 2024ರಲ್ಲೂ ಅದೇ ಪುಸ್ತಕ, ಅದೇ ಕಾಗದ! ಈಗಿನ ಮಕ್ಕಳ ಜಗಳ ಹೀಗೆ ನಡೆಯುವುದಿಲ್ಲ. ಒಂದು ಸ್ಕ್ರೀನ್‌ಶಾಟ್ ಸಾಕು. ಗುಂಪಿನಿಂದ ಸದ್ದಿಲ್ಲದೆ ತೆಗೆದುಹಾಕುತ್ತಾರೆ. ಎಲ್ಲರೂ ಪಾರ್ಟಿಗೆ ಹೋಗಿದ್ದು ಇವಳಿಗೆ ಮಾತ್ರ ಫೋಟೊದಲ್ಲಿ ಗೊತ್ತಾಗುತ್ತದೆ. ನನ್ನ ಮಗಳ ಶಾಲೆಯಲ್ಲಿ ಇಂಥದ್ದು ನಡೆದಾಗ ದೂರು ಕೊಟ್ಟೆವು. ‘ಶಾಲೆಯ ಹೊರಗೆ, ಫೋನಿನಲ್ಲಿ ನಡೆದದ್ದಕ್ಕೆ ನಾವೇನು ಮಾಡುವುದು’ ಎಂದು ಕೈ ತೊಳೆದುಕೊಂಡರು. ಆ ಹುಡುಗಿ ವಾರಗಟ್ಟಲೆ ಊಟದ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಕೂರುತ್ತಿದ್ದಳು.

ಹೊಸ ಚಿತ್ರದಲ್ಲಿ ಫೋನ್ ಇದೆ, ಆದರೆ ಅಲಂಕಾರಕ್ಕೆ. ರೆಜೀನಾ ಬಿದ್ದರೆ ಎಲ್ಲರೂ ವಿಡಿಯೊ ಹಾಕುತ್ತಾರೆ. ಅಷ್ಟೇ. ಫೋನಿನಿಂದ ಕಥೆ ಬದಲಾಗಬೇಕಿತ್ತು. ಬದಲಾಗಲಿಲ್ಲ.

ಹಳೇ_ಡಿವಿಡಿ
ಈ ಇಡೀ ಚರ್ಚೆಯಲ್ಲಿ ಇದೇ ಮುಖ್ಯ ಮಾತು. ಹೊಸ ಕಾಲಕ್ಕೆ ತರುತ್ತೇವೆ ಎಂದ ಮೇಲೆ ಹೊಸ ಕಾಲದ ಕ್ರೌರ್ಯ ತೋರಿಸಬೇಕಲ್ಲ.

ಎರಡನೇ_ಮಹಡಿ
ಕಥೆಯ ಬೇರು ಕೂಡ ಅಲ್ಲೇ ಇರುವುದು. ಇದು ಕಾದಂಬರಿಯಿಂದ ಬಂದ ಕಥೆಯಲ್ಲ. ರೋಸಲಿಂಡ್ ವೈಸ್‌ಮನ್ 2002ರಲ್ಲಿ ತಂದೆತಾಯಿಗಳಿಗಾಗಿ ಒಂದು ಪುಸ್ತಕ ಬರೆದಿದ್ದರು. ಹದಿಹರೆಯದ ಹುಡುಗಿಯರ ಗುಂಪು ಹೇಗೆ ಕೆಲಸ ಮಾಡುತ್ತದೆ, ಯಾರು ರಾಣಿ, ಯಾರು ಅವಳ ಬಲಗೈ, ಯಾರು ನಡುವೆ ಸಿಕ್ಕಿಕೊಂಡವರು ಎಂದೆಲ್ಲ. ಅದರಿಂದ ಟೀನಾ ಫೇ ಕಥೆ ಹೆಣೆದರು. ವೈಸ್‌ಮನ್ 2023ರಲ್ಲಿ, ಇಷ್ಟೆಲ್ಲ ಬೆಳೆದ ಮೇಲೂ ತಮಗೆ ಮೊದಲ ಸಲದ ದುಡ್ಡು ಬಿಟ್ಟು ಬೇರೇನೂ ಬರಲಿಲ್ಲ ಎಂದು ಬಹಿರಂಗವಾಗಿ ಹೇಳಿದರು. ನನಗೆ ಅವರ ಮಾತು ನ್ಯಾಯ ಅನ್ನಿಸಿತು.

ಬ್ಯಾಕ್‌ಬೆಂಚ್_ಬಸು
ಹೊಸದರಲ್ಲಿ ಜೋಕೆಲ್ಲ ಸಪ್ಪೆ. ಯಾರಿಗೂ ನೋವಾಗಬಾರದು ಎಂದು ತೊಳೆದು ಒಣಗಿಸಿಟ್ಟಿದ್ದಾರೆ. ಎಲ್ಲರೂ ಒಳ್ಳೆಯವರಾದರೆ ‘ಕೆಟ್ಟ ಹುಡುಗಿಯರು’ ಎಂಬ ಹೆಸರು ಯಾಕೆ ಬೇಕಿತ್ತು?

ಮೇಘಾ_ಮಾತು
ಒಪ್ಪುವುದಿಲ್ಲ. ಹಳೆಯದರಲ್ಲಿ ಕೋಚ್ ಮೇಷ್ಟ್ರು ಓದುವ ಹುಡುಗಿಯರ ಜೊತೆ ಸಂಬಂಧ ಇಟ್ಟುಕೊಂಡಿದ್ದು ಜೋಕ್ ಆಗಿತ್ತು. ಅದನ್ನು ತೆಗೆದರೆ ಏನು ನಷ್ಟ? ಏಷ್ಯಾದ ಹುಡುಗಿಯರನ್ನು ನಗೆಪಾಟಲು ಮಾಡಿದ್ದೂ ಹೋಯಿತು. ಒಳ್ಳೆಯದೇ ಆಯಿತು. ಜಾನಿಸ್ ವಿಷಯದಲ್ಲೂ ನೋಡಿ. 2004ರಲ್ಲಿ ಅವಳು ಹುಡುಗಿಯರನ್ನು ಇಷ್ಟಪಡುತ್ತಾಳೆ ಎಂಬ ಸುದ್ದಿ ಹಬ್ಬಿಸುವುದೇ ಅವಳಿಗೆ ಮಾಡಿದ ಅವಮಾನ. 2024ರಲ್ಲಿ ಅವಳು ನಿಜಕ್ಕೂ ಹಾಗೇ ಇದ್ದಾಳೆ, ಅದನ್ನು ಮುಚ್ಚಿಡುವುದಿಲ್ಲ. ಕೊನೆಯ ಕಡೆ ಅವಳ ಹಾಡಿನಲ್ಲಿ ಕ್ಯಾಮೆರಾ ಅವಳ ಜೊತೆ ಶಾಲೆ ತುಂಬ ಓಡುತ್ತದಲ್ಲ, ಆ ಮೂರ್ನಾಲ್ಕು ನಿಮಿಷಕ್ಕೆ ಹಳೆಯ ಚಿತ್ರದಲ್ಲಿ ಸಮನಾದದ್ದು ಯಾವುದೂ ಇಲ್ಲ.

ಬ್ಯಾಕ್‌ಬೆಂಚ್_ಬಸು
ಕೋಚ್ ಜೋಕ್ ತೆಗೆದದ್ದು ಸರಿ. ನಾನು ಹೇಳಿದ್ದು ರೆಜೀನಾ ಬಾಯಿಯ ಮಾತು. ಅವಳ ನಾಲಿಗೆ ಮೊಂಡಾಗಿದೆ. ತೆಗೆದ ಜಾಗಕ್ಕೆ ಅಷ್ಟೇ ಹರಿತವಾದ ಹೊಸದು ಬರೆಯಬೇಕಿತ್ತು. ಬರೆದವರು ಅದೇ ಟೀನಾ ಫೇ ತಾನೇ?

ಪಲ್ಲವಿ_ಚರಣ
ಈ ಮಾತು ನಾನೂ ಒಪ್ಪುತ್ತೇನೆ.

ಬಟ್ಟೆ_ಭಾರ್ಗವಿ
ಬಟ್ಟೆ ಬಗ್ಗೆ ಯಾರೂ ಹೇಳಲಿಲ್ಲ. ರೆಜೀನಾಗೆ ಸಾಧಾರಣ ಆನ್‌ಲೈನ್ ಅಂಗಡಿಯ ಬಟ್ಟೆ ಹಾಕಿಸಿದ ಹಾಗಿದೆ. ಶಾಲೆಯ ಅತಿ ಶ್ರೀಮಂತ ಹುಡುಗಿ ಅವಳು! 2004ರಲ್ಲಿ ಅವಳು ಹಾಕಿದ್ದನ್ನು ಇಡೀ ಶಾಲೆ ನಕಲು ಮಾಡಿತು ಎಂದರೆ ನಂಬಿದ್ದೆವು. ಇಲ್ಲಿ ನಂಬುವುದು ಕಷ್ಟ.

ಮೇಘಾ_ಮಾತು
ಈಗಿನ ಶ್ರೀಮಂತ ಮಕ್ಕಳು ಹಾಗೇ ಹಾಕುವುದು. ಕಾರ್ಗೋ ಪ್ಯಾಂಟ್, ಸಡಿಲ ಅಂಗಿ. ಅದು ನಿಜಕ್ಕೆ ಹತ್ತಿರ.

ಬಟ್ಟೆ_ಭಾರ್ಗವಿ
ನಿಜಕ್ಕೆ ಹತ್ತಿರ ಇರುವುದು ಬೇರೆ, ತೆರೆ ಮೇಲೆ ರಾಣಿ ಅನ್ನಿಸುವುದು ಬೇರೆ.

ಗಾಂಧಿಬಜಾರ್_ಗಿರಿ
ಲೋಹಾನ್ ಬಂದು ಹೋದದ್ದು ಚೆನ್ನಾಗಿತ್ತು. ಗಣಿತ ಸ್ಪರ್ಧೆಯ ನಿರೂಪಕಿ. ಹಳೆಯ ಕೇಡಿ ಹೊಸ ಕೇಡಿಗೆ ಪ್ರಶ್ನೆ ಕೇಳುತ್ತಾಳೆ. ಆದರೆ ಚಿತ್ರದಲ್ಲಿ ಅವರ ಬಗ್ಗೆ ಹಳೆಯ ಕೀಳು ಬೈಗುಳವೊಂದನ್ನು ನೆನಪಿಸುವ ಜೋಕ್ ಇತ್ತು. ಅವರಿಗೆ ನೋವಾಯಿತು ಎಂದು ಸುದ್ದಿಯಾದ ಮೇಲೆ ಡಿಜಿಟಲ್ ಆವೃತ್ತಿಯಿಂದ ತೆಗೆದರು. ಒಬ್ಬರನ್ನು ಮನೆಗೆ ಕರೆದು ಹೀಗೆ ಮಾಡುವುದಾ?

ನಾಟಕಪ್ರಿಯ
ರಶ್ಮಿ, ನಿಮ್ಮನ್ನೇ ಕೇಳುತ್ತೇನೆ. ಬಿಟ್ಟುಹೋದ ಹಾಡುಗಳಲ್ಲಿ ಒಂದನ್ನು ವಾಪಸ್ ತರಬಹುದು ಎಂದರೆ ಯಾವುದು?

ರಂಗಮಂಚ_ರಶ್ಮಿ
ಎರಡನೇ ಅಂಕದ ಶುರುವಿನಲ್ಲಿ ಡೇಮಿಯನ್ ಹಾಡುವ ‘ಸ್ಟಾಪ್’. ಟ್ಯಾಪ್ ಕುಣಿತದ ಹಾಡು. ಆವೇಶ ಬಂದಾಗ, ಕೈಯಲ್ಲಿ ಫೋನ್ ಇರುವಾಗ, ಏನಾದರೂ ಕಳಿಸಿಬಿಡುವ ಮುಂಚೆ ಸ್ವಲ್ಪ ನಿಲ್ಲು ಎಂಬುದೇ ಅದರ ತಿರುಳು. ನ್ಯೂಜೆರ್ಸಿ ಅಮ್ಮ ಕೇಳಿದ ಪ್ರಶ್ನೆಗೆ ಇಡೀ ಮ್ಯೂಸಿಕಲ್‌ನಲ್ಲಿ ಉತ್ತರ ಹುಡುಕುವ ಹಾಡು ಅದೊಂದೇ. ಫೋನಿನ ಕಾಲದ ಮೀನ್ ಗರ್ಲ್ಸ್ ಮಾಡುತ್ತೇವೆ ಎಂದು ಹೊರಟವರು ಅದನ್ನೇ ಕತ್ತರಿಸಿದರು! ಡೇಮಿಯನ್ ಮಾಡಿದ ಜಾಕೆಲ್ ಸ್ಪೈವಿ ಬ್ರಾಡ್‌ವೇಯಲ್ಲಿ ನಾಯಕನಾಗಿ ಟೋನಿ ನಾಮನಿರ್ದೇಶನ ಪಡೆದ ಹಾಡುಗಾರ. ಅವರಿಗೆ ಸಿಕ್ಕಿದ್ದು ಬೇರೆಯವರ ಜೊತೆ ಹಂಚಿಕೊಂಡ ಹಾಡುಗಳು, ಪ್ರತಿಭಾ ಪ್ರದರ್ಶನದಲ್ಲಿ ಫ್ರೆಂಚಿನ ಒಂದು ತುಣುಕು.

ನ್ಯೂಜೆರ್ಸಿ_ಅಮ್ಮ
ಈಗಲೇ ಆ ಹಾಡು ಹಾಕುತ್ತೇನೆ, ಮಗಳೂ ಪಕ್ಕದಲ್ಲೇ ಇದ್ದಾಳೆ. ಬ್ರಾಡ್‌ವೇ ಆಲ್ಬಂನಲ್ಲಿ ಸಿಗುತ್ತದಲ್ಲ?

ರಂಗಮಂಚ_ರಶ್ಮಿ
ಸಿಗುತ್ತದೆ. ಹಾಡಿದವರು ಗ್ರೇ ಹೆನ್ಸನ್. ಜೊತೆಗೆ ಹರಿ ಹೇಳಿದ ಗಣಿತ ಕ್ಲಾಸಿನ ಹಾಡನ್ನೂ ಕೇಳಿಸಿ, ಎರಡೂ ಆಲ್ಬಂನದ್ದು. ಯಾವುದು ಹಿಡಿಸಿತು ಎಂದು ಮಗಳನ್ನೇ ಕೇಳಿ ಇಲ್ಲಿ ಬರೆಯಿರಿ.